ತಾತನ ಕೋಣೆಗೆ ಹಾಕಿದ ಟೈಲ್ಸು

ಅಗೊಸ್ಸಿ ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂದಿತ್ತು. ನಮ್ಮ ವಿದಾ ಊರಿನಲ್ಲಿ ಹಾಗೆ ಹುಟ್ಟಿದ ಹೆಣ್ಣುಮಗುವಿಗೆ ಬೇರೆ ಹೆಸರು ಹುಡುಕುವ ಕಷ್ಟವಿಲ್ಲ, ಅಗೊಸ್ಸಿ ಅಂತಲೇ ಕರೆಯುವುದು. ಆಮೇಲೂ ಅವಳು ಒಂದು ಕೆಲಸವನ್ನು ನೇರವಾಗಿ ಮಾಡಿದ್ದನ್ನು ಪಕ್ಕದ ಮನೆಯವಳಾದ ನಾನು ಕಂಡಿಲ್ಲ. ಗಂಡನ ಜೊತೆ ಜಗಳವಾಡಿ ತವರಿಗೆ ಬಂದಳು. ಬಂದಮೇಲೆ ಅವನ ಹತ್ತಿರ ನಕ್ಕು ಮಾತಾಡತೊಡಗಿದಳು. ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟನ್ನು ಬೇಯಿಸಿ, ಎಲೆಯಲ್ಲಿ ಕಟ್ಟಿ ಮಾರುವುದು ಅವಳ ಕಸುಬು. ತವರಿನ ಹೆಬ್ಬಾವನ್ನು ನೋಡಿಕೊಳ್ಳುವುದು ಅವಳ ಹಕ್ಕು. ಆ ವಂಶದಲ್ಲಿ ಅದು ಮನೆಮಗಳಿಗೇ ಸೇರಿದ್ದು.

ನಮ್ಮ ಕಡೆಯ ಹೆಬ್ಬಾವು ಹೆದರುವಂಥದ್ದಲ್ಲ. ಮುಟ್ಟಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗಿಟ್ಟುಕೊಳ್ಳುವ ನಾಚಿಕೆಯ ಪ್ರಾಣಿ. ವಂಶದ ಮೂಲಪುರುಷನೇ ಅದೆಂದು ನಂಬಿ ತಾತ ಅನ್ನುತ್ತೇವೆ. ಅಂಗಳದ ಮೂಲೆಯ ಮಣ್ಣಿನ ಗುಡಿಸಲೇ ತಾತನ ಕೋಣೆ. ಒಂದು ಗೋಡೆಯಾಚೆ ಅಗೊಸ್ಸಿಯ ಒಲೆ. ಹೊಟ್ಟೆ ತುಂಬಿದಾಗ ತಾತ ಆ ಬೆಚ್ಚನೆಯ ಗೋಡೆಗೆ ಒತ್ತಿಕೊಳ್ಳುತ್ತಿದ್ದ. ಎದುರು ಮೂಲೆಯಲ್ಲಿ ಅರ್ಧ ನೆಲದೊಳಗೆ ಹೂತ, ನೀರು ಜಿನುಗುವ ಮಡಕೆ. ಪೊರೆ ಬಿಡುವ ಕಾಲಕ್ಕೆ ಅದರ ಬುಡದ ತೇವದಲ್ಲಿ ಬಿದ್ದಿರುತ್ತಿದ್ದ. ಇದನ್ನೆಲ್ಲ ಯಾರು ಯೋಚಿಸಿ ಮಾಡಿದರೋ, ಯಾರಿಗೂ ನೆನಪಿಲ್ಲ.

ಅಗೊಸ್ಸಿಯ ಅತ್ತಿಗೆ ಸೆನಾಮಿಗೆ ಸುಮ್ಮನಿದ್ದರೆ ಅನ್ನ ಅರಗುವುದಿಲ್ಲ. ಒಂದು ದಿನ ಅಂಗಳ ಗುಡಿಸುತ್ತ ಅಂದಳು: "ನಮ್ ತವರಲ್ಲಿ ಹಿರೀಕರ ಕೋಣೆಗೆ ಟೈಲ್ಸ್ ಹಾಕ್ಸಿದಾರಮ್ಮ. ಇಲ್ಲಿ ನೋಡಿದ್ರೆ ತಾತಂಗೆ ಕೋಳಿಗೂಡು."

ಅಷ್ಟು ಸಾಕಾಯಿತು. ಸೆನಾಮಿಯ ಮಗ ಜಿನ್ಸು ಗಾರೆ ಕೆಲಸದವನು. ಅಗೊಸ್ಸಿ ಅವನನ್ನು ಕರೆದಳು.

"ಅತ್ತೆ, ಅರಮನೆ ಮಾಡ್ಕೊಡ್ತೀನಿ, ನೋಡ್ತಾ ಇರಿ," ಅಂದ.

ಹುಲ್ಲು ಇಳಿಸಿ ತಗಡು ಹೊದಿಸಿದ. ನೆಲಕ್ಕೆ ಬಿಳಿ ಟೈಲ್ಸು ಬಂತು. ಮಡಕೆ ಜಿನುಗಿ ಟೈಲ್ಸು ಕೊಳೆಯಾಗುತ್ತದೆಂದು ಅದನ್ನು ಕಿತ್ತು ಹೊರಗಿಟ್ಟರು. ಸುಣ್ಣ ಬಳಿದ ಗೋಡೆಗೆ ಮಸಿ ಹಿಡಿಯಬಾರದೆಂದು ಅಗೊಸ್ಸಿ ತನ್ನ ಒಲೆಯನ್ನೇ ಅಂಗಳದ ಆ ತುದಿಗೆ ಸಾಗಿಸಿದಳು. ಎಲ್ಲವೂ ಭಕ್ತಿಯಿಂದಲೇ ಆದದ್ದು. ಸಾಕಿದ ಪ್ರಾಣಿಯಾಗಿದ್ದರೆ ಮಣ್ಣಿನಲ್ಲೇ ಬಿಡುತ್ತಿದ್ದಳೋ ಏನೋ. ತಾತನನ್ನು ಯಾರು ಬರಿನೆಲದ ಮೇಲೆ ಮಲಗಿಸುತ್ತಾರೆ?

ಆಮೇಲೆ ಉತ್ತರದ ಧೂಳುಗಾಳಿ ಶುರುವಾಯಿತು. ಅದು ಬಂದರೆ ನಮ್ಮ ತುಟಿ ಒಡೆಯುತ್ತದೆ, ಬಾಗಿಲ ಹಲಗೆ ಬಿರುಕು ಬಿಡುತ್ತದೆ. ಮಧ್ಯಾಹ್ನ ತಗಡಿನ ಕೆಳಗೆ ಕಾವಲಿಯ ಕಾವು. ಬೆಳಗಿನ ಜಾವಕ್ಕೆ ಟೈಲ್ಸು ತಣ್ಣಗೆ ಕೊರೆಯುತ್ತಿತ್ತು. ತಾತನ ಕಣ್ಣು ಹಾಲು ಬೆರೆಸಿದಂತಾಯಿತು. ಪೊರೆ ಬಿಡುತ್ತಾನೆ ಎಂದು ಎಲ್ಲರಿಗೂ ಸಂತೋಷ. ಆದರೆ ಪೊರೆ ಬಿಡಲಿಲ್ಲ. ಒಣಗಿದ ಕೆರೆಯ ಕೆಸರಿನ ಹಾಗೆ ಮೈಮೇಲೆಯೇ ಸೀಳಿ ನಿಂತಿತು. ಕಣ್ಣು ಬಿಳಿಯಾಗಿಯೇ ಉಳಿಯಿತು. ಎದುರಿಗೆ ಬಿಟ್ಟ ಇಲಿಯ ಕಡೆಗೆ ತಾತ ತಲೆಯನ್ನೂ ತಿರುಗಿಸಲಿಲ್ಲ. ಅಗೊಸ್ಸಿ ಸೋರೆಬುರುಡೆಯಲ್ಲಿ ನೀರು ತಂದು ಸುರಿದರೆ ಟೈಲ್ಸಿನ ಮೇಲೆ ಹರಿದು ಬಾಗಿಲಾಚೆ ಹೋಗುತ್ತಿತ್ತು.

"ಮನೆಮಗಳ ಕೈಲೇ ತಾತ ಕುರುಡಾದ ಅಂತಾರೆ ಊರಲ್ಲಿ," ಅಂದಳು ಸೆನಾಮಿ. ಕಡ್ಡಿ ಗೀರಿದವಳೇ ಇವಳು! ನನಗೆ ಮೈ ಉರಿಯಿತು. ಅಗೊಸ್ಸಿ ಮಾತ್ರ ಮತ್ತೆ ಬುರುಡೆಗೆ ನೀರು ತುಂಬಲು ಹೋದಳು.

ಹೆಬ್ಬಾವು ಸತ್ತರೆ ಮನುಷ್ಯರಿಗೆ ಹೊದಿಸುವಂತೆಯೇ ಬಿಳಿ ಬಟ್ಟೆ ಹೊದಿಸಿ ಹೂಳುವುದು ನಮ್ಮಲ್ಲಿ ರೂಢಿ. ಒಂದು ಬೆಳಿಗ್ಗೆ ನಾನು ಹಿಟ್ಟಿನ ಎಲೆಕಟ್ಟು ಕೊಳ್ಳಲು ಹೋದಾಗ ಅಗೊಸ್ಸಿ ಪೆಟ್ಟಿಗೆ ತೆಗೆದಿದ್ದಳು. ತನ್ನ ಸಾವಿಗೆಂದು ಎತ್ತಿಟ್ಟಿದ್ದ ಬಟ್ಟೆ ಅವಳ ತೋಳಿನ ಮೇಲಿತ್ತು.

"ಹೋದ್ನಾ?" ಎಂದೆ.

"ಇಲ್ಲ. ನಾಲಿಗೆ ಆಡಿಸ್ತಾ ಇದಾನೆ." ಬಟ್ಟೆಯನ್ನು ನೋಡಿದಳು, ಒಲೆಯ ಪಕ್ಕದ ಬೆಚ್ಚನೆಯ ನೀರನ್ನು ನೋಡಿದಳು. ಕೂಸಿಗೆ ನೀರು ಹಾಕುವಾಗಿನಂತೆ ಮೊಣಕೈ ಅದ್ದಿ ಹದ ನೋಡಿ, ಬಟ್ಟೆಯನ್ನು ಅದರಲ್ಲಿ ಮುಳುಗಿಸಿದಳು.

ಸೆನಾಮಿ ಓಡಿ ಬಂದಳು. "ಅಯ್ಯಯ್ಯೋ, ಹೆಣದ ಬಟ್ಟೆ ಕಣೇ ಅದು! ಉಸಿರಾಡ್ತಾ ಇರೋನಿಗೆ ಹೊದಿಸ್ತೀಯಾ?"

"ಸತ್ಮೇಲೆ ಹೊದಿಸಿದ್ರೆ ಅವನಿಗೇನು ಗೊತ್ತಾಗುತ್ತೆ? ದೂರ ಸರಿ."

ಕಿತ್ತುಹಾಕಿದ್ದ ಹಳೆ ಮಡಕೆಯನ್ನು ಒಲೆಯ ಹತ್ತಿರ ಎಳೆದು, ಹಿಂಡಿದ ಬಟ್ಟೆಯಲ್ಲಿ ತಾತನನ್ನು ಸುತ್ತಿ ಒಳಗಿಟ್ಟಳು. ಆ ದಿನ ವ್ಯಾಪಾರವಿಲ್ಲ. ಗಳಿಗೆಗೊಮ್ಮೆ ಮಡಕೆಯ ಮೈ ಮುಟ್ಟುವುದು, ಬಿಸಿಯಾದರೆ ದೂರ ಸರಿಸುವುದು, ಬಟ್ಟೆಗೆ ನೀರು ಚಿಮುಕಿಸುವುದು. ಬಿಸಿಲು ಇಳಿಯುವ ಹೊತ್ತಿಗೆ ಬಟ್ಟೆ ಅಲುಗಾಡಿತು. ತಾತ ಅದರ ಮಡಿಕೆಗಳಲ್ಲಿ ಮೈ ಉಜ್ಜುತ್ತ, ಚಿಂದಿ ಚಿಂದಿ ಪೊರೆ ಬಿಡುತ್ತ ಹೊರಗೆ ಬಂದ. ಅಗೊಸ್ಸಿ ಅವನ ಕಡೆ ನೋಡಲಿಲ್ಲ. ಬಟ್ಟೆ ಬಿಡಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಬೆರಳಾಡಿಸಿದಳು. ತಾತನ ಕಣ್ಣನ್ನು ಮುಚ್ಚಿದ್ದ ಪೊರೆಯ ಒಂದು ದುಂಡನೆಯ ಚೂರು ಸಿಕ್ಕಿತು. ಎಷ್ಟೋ ಹೊತ್ತಿನ ಮೇಲೆ, ಅಂಚಿನ ಹೊಲಿಗೆಯಲ್ಲಿ ಇನ್ನೊಂದು. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಜೋರಾಗಿ ಅತ್ತುಬಿಟ್ಟಳು.

ಮೂಗು ಒರೆಸಿಕೊಂಡು ಜಿನ್ಸುವಿಗೆ ಅಂದಳು: "ಸುತ್ತಿಗೆ ತಾ. ಆ ನೆಲ ಒಡಿ."

"ಅತ್ತೆ, ಸಿಮೆಂಟಿನ ವಾಸನೆನೂ ಇನ್ನೂ ಹೋಗಿಲ್ಲ!"

"ಹಂಗಿದ್ರೆ ಬೇಗ ಕಿತ್ಕೊಂಡ್ ಬರುತ್ತೆ."

ಬಟ್ಟೆಯನ್ನು ಸೆನಾಮಿಯೇ ಒಗೆದಳು, ಪಾಪ. ಎಷ್ಟು ಉಜ್ಜಿದರೂ ಪೊರೆಯ ಚೂರುಗಳು ನೂಲಿನಿಂದ ಬಿಡಲಿಲ್ಲ. "ಇದನ್ನ ಹ್ಯಾಗೆ ನಿಂಗೆ ಹೊದಿಸೋದು? ಬೇರೆ ತಗೋ," ಅಂದಳು.

ಅಗೊಸ್ಸಿ ಅದನ್ನು ಕಸಿದು ಮಡಚಿದಳು. "ಇದನ್ನೇ ಹೊದಿಸು. ಅಲ್ಲಿ ಹೋದ್ಮೇಲೆ ಯಾರ ಮನೆಯವಳು ಅಂತ ನನ್ನ ಯಾರೂ ಕೇಳಲ್ಲ."