ಎದುರು ಮನೆಯ ಅಕ್ಕೋರ ಬೈಕು

ವಿದ್ಯಾಗಿರಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದವರು ಬೇವೂರಿನ ಶಾಲೆಯ ಟೀಚರ್, ಓಣಿಗೆಲ್ಲ ಅಕ್ಕೋರು. ಅವರ ಗಂಡ ತೀರಿಕೊಂಡು ಎರಡು ವರ್ಷವಾದರೂ ಗಂಡನ ಬೈಕು ಅಂಗಳದಲ್ಲಿ ನಿಲ್ಲಿಸಿದಲ್ಲೇ ನಿಂತಿತ್ತು. ಹುನಗುಂದದ ಮೈದುನ ಅದನ್ನು ಕೇಳಿದಾಗಲೆಲ್ಲ, "ಮುಂದಿನ ಬ್ರೇಕ್ ಹಿಡಕೊಂಡೈತಪಾ, ಸರಿ ಮಾಡಿ ಕೊಡ್ತೇನಿ" ಎನ್ನುತ್ತಿದ್ದರು. ಮೆಕ್ಯಾನಿಕ್‌ನನ್ನು ಮಾತ್ರ ಕರೆಸುತ್ತಿರಲಿಲ್ಲ.

ಮೈದುನನಿಗೆ ಇಳಕಲ್ಲಿನಲ್ಲಿ ಕೆಲಸ ಸಿಕ್ಕಿತು; ದಿನಾ ಹೋಗಿಬರಲು ಬೈಕು ಬೇಕೇ ಬೇಕಾಯಿತು. ಆ ಭಾನುವಾರ ಬೆಳಿಗ್ಗೆ ಅಕ್ಕೋರು ನನ್ನನ್ನು ಕರೆದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಬೈಲಿನಲ್ಲಿ ವಿಡಿಯೊ ನೋಡುತ್ತಾ, ಗಾಲಿಯ ಪಕ್ಕದಲ್ಲಿ ಬ್ರೇಕ್ ಹಿಡಿಯುವ ಕ್ಯಾಲಿಪರನ್ನು ತಾವೇ ಬಿಚ್ಚಿದ್ದರು. ಅವರು ಹೇಳಿದಂತೆ ನಾನು ಬ್ರೇಕ್ ಲಿವರನ್ನು ಮೆಲ್ಲಗೆ ಒತ್ತುತ್ತಾ ಹೋದೆ. ಒಳಗೆ ಸಿಕ್ಕಿಕೊಂಡಿದ್ದ ಪಿಸ್ಟನ್ ಹೊರಬಂತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಕೊಳೆ ತಿಕ್ಕಿ, ಹೊಸ ರಬ್ಬರ್ ರಿಂಗು ಕೂಡಿಸಿ, ಬ್ರೇಕ್ ಆಯಿಲ್ ತುಂಬಿ ಜೋಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ಬೆರಳಿನಿಂದ ನೂಕಿದ್ದೇ ತಡ, ಗಾಲಿ ಹಗುರವಾಗಿ ತಿರುಗಿತು. ಅಕ್ಕೋರು ಅದು ನಿಲ್ಲುವ ತನಕ ನೋಡುತ್ತಾ ಕುಳಿತರು.

"ಛಲೋ ಆತಲ್ರಿ ಅಕ್ಕೋರ," ಎಂದೆ.

"ಹೂಂ ತಮ್ಮಾ," ಎನ್ನುತ್ತಾ ಕೈ ಒರೆಸಿಕೊಂಡರು. "ಇನ್ನ ಇಟ್ಕೊಳ್ಳಾಕ ನೆವ ಉಳೀಲಿಲ್ಲ."

ಸಂಜೆ ಮೈದುನ ಬಂದ. ಅವನ ಕೈಗೆ ಕೀಲಿ ಕೊಟ್ಟವರು, ಗಾಡಿ ಓಣಿ ದಾಟುವ ಮೊದಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.