ಜ್ವರಕ್ಕೆ ಕೂತ ಹಕ್ಕಿ

ಶೋಭಾರಾಣಿಯ ಹಠ ಮನೆಯವರಿಗೆಲ್ಲ ಗೊತ್ತು. ಮಂಡಿಕಲ್‌ನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುವ ಹೆಂಗಸು, ರಜೆ ಬಂತೆಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಶಿಡ್ಲಘಟ್ಟದ ಹತ್ತಿರದ ತವರಿನ ಹಿಪ್ಪುನೇರಳೆ ತೋಟದಲ್ಲಿ ಬಲೆ ಕಟ್ಟಿ ಕೂರುತ್ತಾಳೆ. ಹಕ್ಕಿ ಹಿಡಿದು, ಅಳೆದು, ಕಾಲಿಗೆ ಉಂಗುರ ತೊಡಿಸಿ ಬಿಡುವ ಕೆಲಸ. ಬೆಂಗಳೂರಿನ ಸಂಶೋಧಕರ ತಂಡದ ಪರವಾನಗಿಯಲ್ಲಿ ಅವಳ ಹೆಸರೂ ಇದೆ. ಗಂಡನ ಮನೆಯವರು ಮೊದಮೊದಲು ನಕ್ಕರು, ನಕ್ಕೂ ನಕ್ಕೂ ಸುಸ್ತಾಗಿ ಸುಮ್ಮನಾದರು.

ಅವಳಿಗೆ ಚುಚ್ಚಿದ್ದು ಆ ನಗೆಯಲ್ಲ. ಹಿಂದಿನ ಚಳಿಗಾಲ ಇದೇ ತೋಟಕ್ಕೆ ವಲಸೆ ಬಂದ ಒಂದು ಉಲಿಯಕ್ಕಿಯ ಫೋಟೊ ತೆಗೆದು, ಇದು ಅಪರೂಪದ ದೊಡ್ಡ ಕೊಕ್ಕಿನದು ಎಂದು ಹಕ್ಕಿ ತಜ್ಞರ ಗುಂಪಿಗೆ ಬರೆದು ಕಳಿಸಿದ್ದಳು. ಗುಬ್ಬಿಗಿಂತ ಸಣ್ಣ, ಮಣ್ಣು ಬಣ್ಣದ ಈ ಹಕ್ಕಿಗಳೆಲ್ಲ ಒಂದೇ ಅಚ್ಚು; ಕೈಯಲ್ಲಿ ಹಿಡಿದು ಕೊಕ್ಕು, ಹಿಂಬೆರಳಿನ ಉಗುರು ಅಳೆಯದೆ ಯಾರೂ ಒಪ್ಪುವುದಿಲ್ಲ. "ಇದು ಮಾಮೂಲಿ ಉಲಿಯಕ್ಕಿ, ಟೀಚರಮ್ಮನ ಆಸೆ ಮಾತ್ರ ದೊಡ್ಡದು" ಎಂದು ತಿಳಿದವರೊಬ್ಬರು ಉತ್ತರಿಸಿದ್ದರು. ಆ ಮಾತು ಅವಳ ಹೊಟ್ಟೆಯಲ್ಲಿ ಹಾಗೇ ಉರಿಯುತ್ತಿತ್ತು.

ಈ ಜನವರಿಯಲ್ಲಿ ಅಂಥದೇ ಹಕ್ಕಿ ಬಲೆಗೆ ಬಿತ್ತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ರೇಷ್ಮೆಹುಳು ಸಾಕುವ ಮನೆಯ ಜಗಲಿಯಲ್ಲಿ ಕೂತು ಕೊಕ್ಕು ಅಳೆದಳು, ಉದ್ದವಿತ್ತು. ಉಗುರು ಅಳೆದಳು, ನಂಬಿಕೆಯಾಗದೆ ಮತ್ತೆ ಅಳೆದಳು. ಅದೂ ಹೊಂದಿತು. ರೆಕ್ಕೆ ಬಿಡಿಸಿದ ಫೋಟೊ ಒಂದೇ ಬಾಕಿ. ಬಿಸಿಲು ಏರಲೆಂದು ಹಕ್ಕಿಯನ್ನು ಬಟ್ಟೆಚೀಲದೊಳಗೆ ಬಿಟ್ಟು ಕಾದಳು. ನಡುವೆ ಇಣುಕಿದಾಗ ಅದು ಗರಿ ಉಬ್ಬಿಸಿ, ಕಣ್ಣು ಅರೆಮುಚ್ಚಿ, ಮಿಸುಕದೆ ಕೂತಿತ್ತು.

"ಏನಮ್ಮಾ, ಅಲ್ಲಾಡ್ತಾನೇ ಇಲ್ವಲ್ಲ?" ಸೊಪ್ಪಿನ ಹೊರೆ ಇಳಿಸುತ್ತಾ ತಾಯಿ ವೆಂಕಟರತ್ನಮ್ಮ ಕೇಳಿದರು.

"ಜ್ವರಕ್ಕೆ ಕೂತಿದೆ ಬಿಡಮ್ಮ."

"ಹಂಗಾದ್ರೆ ಮುಟ್ಬೇಡ ಕಣೇ."

ಹುಳು ಸಾಕುವ ಮನೆಯವರ ಮಾತದು. ರೇಷ್ಮೆಹುಳು ಪೊರೆ ಬಿಡುವ ಮುನ್ನ ಸೊಪ್ಪು ತಿನ್ನದೆ, ತಲೆ ಎತ್ತಿ ಸ್ತಬ್ಧವಾಗಿ ಕೂರುತ್ತದೆ. ಅದನ್ನೇ ಜ್ವರ ಎನ್ನುತ್ತಾರೆ. ಆಗ ಮುಟ್ಟದಿರುವುದೇ ಆರೈಕೆ, ಎದ್ದ ಹುಳು ಇನ್ನಷ್ಟು ಗಟ್ಟಿ. ಹಕ್ಕಿ ಹಾಗೆ ಕೂತರೆ ಮಾತ್ರ ಅದರ ಪ್ರಾಣ ಕುಗ್ಗುತ್ತಿದೆ ಎಂದರ್ಥ. ಎಲ್ಲ ಬಿಟ್ಟು ಅದನ್ನು ಬೆಚ್ಚಗಿಟ್ಟು ಹಾರಿಸಬೇಕು. ಇದನ್ನು ಅವಳು ಕಲಿತಿದ್ದಳು, ಬೇರೆಯವರಿಗೂ ಕಲಿಸಿದ್ದಳು. ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ಹುಟ್ಟಿದ ಮನೆಯ ಮಾತು. ಫೋಟೊ ಬೇಕಾಗಿದ್ದವಳಿಗೆ ಆ ಮಾತು ಅನುಕೂಲವೂ ಆಯಿತು.

ಬಿಸಿಲು ಬಂತು. ಚೀಲದಿಂದ ತೆಗೆದಾಗ ಹಕ್ಕಿಯ ಕತ್ತು ವಾಲಿತು. ಐವತ್ತರ ಹತ್ತಿರದ ಹೆಂಗಸು ತಾಯಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ನಿಯಮದಂತೆ ಸತ್ತ ಹಕ್ಕಿಯನ್ನು ಬೆಂಗಳೂರಿನ ತಂಡಕ್ಕೆ ಕಳಿಸಿದಳು.

ಯುಗಾದಿ ಹೊತ್ತಿಗೆ ಅಚ್ಯುತ್ ಫೋನ್ ಮಾಡಿದ. ಅವಳ ಹಳೇ ಶಿಷ್ಯ, ಈಗ ಆ ತಂಡದ ಸಂಶೋಧಕ.

"ಮೇಡಂ, ಡಿಎನ್‌ಎ ರಿಪೋರ್ಟ್ ಬಂತು. ನೀವು ಹೇಳಿದ್ದೇ ಸರಿ! ಹಕ್ಕಿ ದೇಹಾನೇ ಸಿಕ್ಕಿದ್ದು ಒಳ್ಳೇದಾಯ್ತು, ಇನ್ನು ಯಾರೂ ತುಟಿ ಬಿಚ್ಚಲ್ಲ."

ಅವಳು ಬಾಯಿ ತೆರೆಯುವ ಮೊದಲೇ ಅವನು ಮುಂದುವರಿಸಿದ.

"ಸಾವಿನ ಕಾರಣ, ಬಲೆಯಲ್ಲಿ ಆಘಾತ ಅಂತ ಹಾಕ್ತೀನಿ. ಅದೆಲ್ಲ ಆಗ್ತಾ ಇರುತ್ತೆ."

"ಬಲೆಯಿಂದ ಚೆನ್ನಾಗೇ ಬಿಡಿಸಿದ್ದೆ ಕಣಪ್ಪ. ಫೋಟೊಗೋಸ್ಕರ ನಾನೇ ಇಟ್ಕೊಂಡೆ. ಹಂಗೇ ಬರಿ."

"ಪರವಾನಗಿಯಿಂದ ನಿಮ್ಮ ಹೆಸರು ತೆಗೀತಾರೆ ಮೇಡಂ."

"ತೆಗೀಲಿ."

"ಗುರುತಿಸಿದವರು ಅಂತ ನಿಮ್ಮ ಹೆಸರೇ ಮೊದಲು ಬರುತ್ತೆ. ಅದಕ್ಕಾದ್ರೂ ಖುಷಿಪಡಿ" ಎಂದ.

"ಖುಷಿ ಆಗೇ ಇದೆ ಅಚ್ಯುತ್" ಎಂದಳು ಶೋಭಾರಾಣಿ. "ಅದಕ್ಕೇ ನನ್ನ ಮೇಲೆ ನನಗೇ ಹೇಸಿಗೆ ಆಗ್ತಿರೋದು."