ಸಂದರ್ಶನಕ್ಕಾಗಿ ಅಂಗೈ ಒರಟು ಮಾಡಿಕೊಂಡದ್ದು

ಬಿ.ಕಾಂ. ಪಾಸಾದ ಮರುದಿನ ಬಾವಿಕಟ್ಟೆಗೆ ಹೋಗಿ ಹಗ್ಗ ಹಿಡಿದರೆ ಅಮ್ಮ ಕಸಿದುಕೊಂಡರು. "ಇಷ್ಟು ಕಲಿತವನು ನೀರು ಎಳೆಯುವುದಾ? ನೋಡಿದವರು ಎಂತ ಹೇಳಿಯಾರು?"

ಶಂಕರಪುರದಲ್ಲಿ ನಮ್ಮದು ಸಣ್ಣ ಮಲ್ಲಿಗೆ ತೋಟ. ಶಾಲೆ, ಕಾಲೇಜು ಎಂದು ಹೋಗುತ್ತಿದ್ದಷ್ಟು ಕಾಲವೂ ಗಿಡಗಳಿಗೆ ನೀರು ಹಾಕಿಯೇ ಬಸ್ಸು ಹಿಡಿದವನು ನಾನು. ಡಿಗ್ರಿ ಸಿಕ್ಕಿದ ಮೇಲೆ ಆ ಕೆಲಸ ನಿಂತಿತು. ನಿಜ ಹೇಳಬೇಕೆಂದರೆ ನನಗೂ ಅದು ಹಿತವಾಗಿತ್ತು. ನಮ್ಮ ಕುಟುಂಬದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲಿಗ ನಾನು. ಆ ಡಿಗ್ರಿ ಯಾರೂ ದಾನ ಕೊಟ್ಟದ್ದಲ್ಲ.

ಇಸ್ತ್ರಿ ಹಾಕಿದ ಪ್ಯಾಂಟು ತೊಟ್ಟು ಉಡುಪಿ, ಮಣಿಪಾಲದ ಆಫೀಸುಗಳಿಗೆ ಎರಡು ವರ್ಷ ಅಲೆದೆ. ಬ್ಯಾಂಕಿನ ಪರೀಕ್ಷೆಗಳನ್ನು ಬರೆದೆ. ಯಾರೂ ಕರೆಯಲಿಲ್ಲ. ಎಪ್ಪತ್ತರ ದಶಕದ ಕೊನೆಯ ಆ ದಿನಗಳಲ್ಲಿ ಊರಿನ ಅರ್ಧ ಗಂಡಸರು ಗಲ್ಫಿನ ಮಾತನ್ನೇ ಆಡುತ್ತಿದ್ದರು. ಕಾರ್ಕಳದ ನನ್ನ ಭಾವ, ಅಕ್ಕನ ಗಂಡ, ಗಲ್ಫಿನಿಂದಲೇ ರಜೆಗೆ ಬಂದಿದ್ದರು. ಉಡುಪಿಯ ಒಂದು ಲಾಡ್ಜಿನಲ್ಲಿ ಕಂಪೆನಿಯ ಏಜೆಂಟರು ಜನ ಆರಿಸುತ್ತಾರೆ ಎಂದು ಹೇಳಿದವರು ಅವರೇ.

"ಕೆಲಸ ಗೋದಾಮಿನಲ್ಲಿ ಗೋಣಿ ಹೊರುವುದು. ಬಿ.ಕಾಂ. ಅಂತ ಬಾಯಿ ಬಿಡಬೇಡ ಮಾರಾಯ, ಎಸ್ಸೆಸ್ಸೆಲ್ಸಿ ಅಂತ ಹೇಳು. ಒಮ್ಮೆ ಅಲ್ಲಿಗೆ ಮುಟ್ಟಿದರೆ ಬೇರೆ ಕೆಲಸ ನೋಡಿಕೊಳ್ಳಬಹುದು. ಮತ್ತೆ, ಅವರು ಮೊದಲು ನೋಡುವುದು ಅಂಗೈ. ನಿನ್ನದು ಮದುಮಗಳ ಕೈಯ ಹಾಗೆ ಉಂಟು."

ಸಂದರ್ಶನಕ್ಕೆ ಒಂದು ವಾರವಿತ್ತು. ನಾನು ಮತ್ತೆ ಬಾವಿಯ ಹಗ್ಗ ಹಿಡಿದೆ. ಸಾಲದೆಂದು ತೋಟದ ಮೂಲೆಯಲ್ಲಿ ಪಿಕ್ಕಾಸು ಹಿಡಿದು ಗಟ್ಟಿನೆಲ ಅಗೆದೆ. ಹೂ ಕೊಯ್ಯುತ್ತಿದ್ದ ನೆರೆಮನೆಯ ಹೆಂಗಸರು ಬೇಲಿಯಾಚೆಯಿಂದ ನಕ್ಕರು. "ಎಂತ, ಬಿ.ಕಾಂ.ನಲ್ಲಿ ಬಾವಿ ತೋಡುವ ಪಾಠವೂ ಉಂಟಾ?" ಅಪ್ಪ ಮಾತ್ರ ಏನೂ ಕೇಳಲಿಲ್ಲ. ಗಲ್ಫಿನಲ್ಲಿ ಮಗನಿಗೆ ಗುಮಾಸ್ತಿಕೆ ಸಿಗುತ್ತದೆ ಎಂದುಕೊಂಡಿದ್ದರು. ಅಲ್ಲ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಸಂದರ್ಶನದ ದಿನ ಅಪ್ಪ ಬಿಳಿ ಅಂಗಿ ಹಾಕಿಕೊಂಡು ತಾವೂ ಹೊರಟರು.

ಲಾಡ್ಜಿನ ಕೋಣೆಯ ಬಾಗಿಲು ತೆರೆದೇ ಇತ್ತು, ಸಾಲು ಮೆಟ್ಟಿಲಿನವರೆಗೆ. ಏಜೆಂಟರು ಬೊಂಬಾಯಿಯಲ್ಲಿ ನೆಲೆಸಿದ್ದ ನಮ್ಮ ಕಡೆಯವರೇ. ಎಸ್ಸೆಸ್ಸೆಲ್ಸಿ, ತೋಟದ ಕೆಲಸ ಮಾಡಿ ಅಭ್ಯಾಸ ಉಂಟು ಎಂದೆ. ಅವರು ನನ್ನ ಅಂಗೈಯನ್ನು ಬೆಳಕಿಗೆ ತಿರುಗಿಸಿ ಗುಳ್ಳೆಯೊಂದನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು ಕೈ ಎಳೆದುಕೊಂಡೆ.

"ಇದು ಮೊನ್ನೆಯ ಗುಳ್ಳೆ. ದಿನಾ ದುಡಿಯುವವನಿಗೆ ಗುಳ್ಳೆ ಏಳುತ್ತದಾ?" ಎಂದು ನಕ್ಕವರು ಬಾಗಿಲ ಬಳಿ ನಿಂತಿದ್ದ ಅಪ್ಪನನ್ನು ಕಂಡರು. "ನೀವು ಇವನ ಅಪ್ಪನಾ? ಬನ್ನಿ, ಕೈ ತೋರಿಸಿ."

ಅಪ್ಪ ಎರಡೂ ಕೈ ಚಾಚಿದರು. ಜಡ್ಡುಗಟ್ಟಿ, ಬೆರಳು ಪೂರ್ತಿ ನೆಟ್ಟಗಾಗದ ಕೈಗಳು.

"ನೋಡು, ಕೈ ಅಂದರೆ ಇದು."

"ಹೌದು ಧಣಿ, ನಾನು ಮಣ್ಣಿನಲ್ಲೇ ಸವೆದದ್ದು" ಎಂದರು ಅಪ್ಪ, ಹೊಗಳಿದರೆಂದು ತಿಳಿದು. "ಮಗನನ್ನು ಮಾತ್ರ ಮಣ್ಣಿಗೆ ಬಿಡಲಿಲ್ಲ. ಅವನು ಬಿ.ಕಾಂ., ಫಸ್ಟ್ ಕ್ಲಾಸು."

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಅಪ್ಪ ಎಲ್ಲರ ಮುಖ ನೋಡಿದರು, ಕೊನೆಗೆ ನನ್ನದು.

"ಎಸ್ಸೆಸ್ಸೆಲ್ಸಿ ಅಂದೆಯಲ್ಲ ಮಾರಾಯ? ಕಲಿತವರು ಬೇಡ. ಗೋಣಿ ಹೊರು ಅಂದರೆ ಕಾನೂನು ಹೇಳುತ್ತಾರೆ. ಮುಂದಿನವರು ಬನ್ನಿ."

ಬಸ್ಸಿನಲ್ಲಿ ಅಪ್ಪ ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನೋಡಿದರು.

"ನೀರು ಎಳೆದದ್ದು ಇದಕ್ಕಾ?"

"ಹೌದು."

"ಮೊದಲೇ ಹೇಳಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ."

ಕಟಪಾಡಿಯಲ್ಲಿ ನಮ್ಮೂರಿನ ಹೂವಿನ ವ್ಯಾಪಾರಿ ಬಸ್ಸು ಹತ್ತಿದರು. ನಿಂತಲ್ಲಿಂದಲೇ ಕೇಳಿದರು, "ಎಂತಾಯಿತು ಮಗನ ಇಂಟರ್‌ವ್ಯೂ?"

ಅಪ್ಪ ಬೆನ್ನು ನೆಟ್ಟಗೆ ಮಾಡಿ ಕುಳಿತರು. "ಅವರಿಗೆ ಇಷ್ಟು ಕಲಿತವರು ಬೇಡವಂತೆ" ಎಂದರು, ಹಿಂದಿನ ಸೀಟಿನವರಿಗೂ ಕೇಳುವ ಹಾಗೆ.

ವ್ಯಾಪಾರಿ ಮೆಚ್ಚುಗೆಯಿಂದ ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡು ಮುಷ್ಟಿ ಕಟ್ಟಿದೆ. ಉರಿಯುತ್ತಿತ್ತು.